ಚೀಟಿ ದುಡ್ಡು ತಾರಸಿಗೋ, ಜೋಗಕ್ಕೋ?

ಪ್ರಶ್ನೆ: ನನಗೆ 38 ವರ್ಷ. ಮದುವೆಯಾಗಿ 13 ವರ್ಷ. ತುಮಕೂರಿನಲ್ಲಿ ನಮ್ಮ ಮಾವ 1994ರಲ್ಲಿ ಕಟ್ಟಿಸಿದ ಮನೆಯಲ್ಲಿದ್ದೇವೆ. ಮಾವ ತೀರಿಕೊಂಡು ಎರಡು ವರ್ಷವಾಯಿತು. ಈಗ ಅತ್ತೆ, ಮಗಳು, ನಾವಿಬ್ಬರು. ನಮ್ಮನೆಯವರು ಒಳ್ಳೆಯವರು, ಯಾವ ಚಟವೂ ಇಲ್ಲ. ಆದರೆ ಎರಡು ವರ್ಷದಿಂದ ಭಾನುವಾರ ಬಂತೆಂದರೆ ಮನೆ ರಿಪೇರಿ. ಒಮ್ಮೆ ಕಾಂಪೌಂಡು, ಒಮ್ಮೆ ಗೇಟಿಗೆ ಬಣ್ಣ, ಒಮ್ಮೆ ಸಂಪಿನ ಮುಚ್ಚಳ. ಮೇಸ್ತ್ರಿ ಜೊತೆ ಮಾತಾಡುವಷ್ಟೂ ನನ್ನ ಜೊತೆ ಮಾತಾಡುವುದಿಲ್ಲ. ಅಡುಗೆಮನೆಗೆ ಇನ್ನೊಂದು ಸ್ವಿಚ್ ಬೋರ್ಡ್ ಹಾಕಿಸಿ ಎಂದು ಕೇಳಿ ವರ್ಷಗಳಾದವು. ಇವತ್ತಿಗೂ ಮಿಕ್ಸಿಯನ್ನು ಹಾಲ್‌ಗೆ ತಂದು ಚಟ್ನಿ ರುಬ್ಬುತ್ತೇನೆ. ನಾವಿಬ್ಬರೇ ಹೊರಗೆ ಹೋಗಿದ್ದು ಮಗಳು ಹುಟ್ಟುವ ಮೊದಲು. ಜೋಗ ನೋಡಬೇಕು ಎಂದು ಚೀಟಿ ಹಾಕಿ 50,000 ರೂಪಾಯಿ ಕೂಡಿಸಿದ್ದೇನೆ. ಈಗ ಅತ್ತೆಯ ಕೋಣೆ ಸೋರುತ್ತಿದೆ, ತಾರಸಿ ಮಾಡಿಸಬೇಕು, ಆ ದುಡ್ಡು ಕೊಡು ಎನ್ನುತ್ತಿದ್ದಾರೆ. ‘ಮನೆ ಕೆಲಸ ಮುಗೀಲಿ, ಆಮೇಲೆ ಹೋಗೋಣ’ ಎನ್ನುತ್ತಾರೆ. ಅತ್ತೆ ‘ನಾವೆಲ್ಲ ಎಲ್ಲಿಗೆ ಹೋಗಿದ್ವಿ?’ ಎನ್ನುತ್ತಾರೆ. ನಾನು ಸ್ವಾರ್ಥಿಯಾ? ದುಡ್ಡು ಕೊಡಲಾ, ಬೇಡವಾ?

ಉತ್ತರ: ಕೊಡಿ. ಆದರೆ ಪೂರ್ತಿ ಕೊಡಬೇಡಿ. ಹತ್ತು ಸಾವಿರ ಎತ್ತಿಟ್ಟುಕೊಂಡು ಉಳಿದದ್ದು ಕೊಡಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ತಾರಸಿ. ಇದರಲ್ಲಿ ನಾನು ನಿಮ್ಮ ಮನೆಯವರ ಕಡೆಗೇ ಇದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ವಯಸ್ಸಾದವರು ಮಲಗುವ ಕೋಣೆ ಸೋರುತ್ತಿದ್ದರೆ ಅದು ಗೇಟಿನ ಬಣ್ಣದ ಹಾಗಲ್ಲ. ಜೂನ್ ಮೊದಲ ವಾರ ಮಳೆ ಹಿಡಿಯುವ ಹೊತ್ತಿಗೆ ಆ ಕೆಲಸ ಮುಗಿದಿರಬೇಕು. ತಾರಸಿ ಚೆನ್ನಾಗಿ ಒಣಗಿದ್ದರೆ ಮಾತ್ರ ಸೋರದಂತೆ ಬಳಿಯುವ ಕೋಟಿಂಗ್ ಹಿಡಿಯುತ್ತದೆ, ಅದಕ್ಕೆ ಬಿಸಿಲೇ ಬೇಕು. ಹಳೇ ಮನೆಗಳಲ್ಲಿ ಹೆಚ್ಚಾಗಿ ಪ್ಯಾರಾಪೆಟ್ ಗೋಡೆ ಮತ್ತು ತಾರಸಿ ಸೇರುವ ಮೂಲೆಯಲ್ಲೇ ಬಿರುಕು ಬಿಟ್ಟಿರುತ್ತದೆ. ಅಲ್ಲದಿದ್ದರೆ ನೀರು ಹೋಗುವ ಪೈಪಿನ ಬಾಯಲ್ಲಿ. ಆ ಬಿರುಕನ್ನು ಕೆತ್ತಿ ತುಂಬದೆ ಮೇಲೆ ಸುಮ್ನೆ ಬಳಿದು ಹೋದರೆ ಮುಂದಿನ ವರ್ಷ ಮತ್ತೆ ಇದೇ ಕಥೆ. ಕೆಲಸ ಆದ ಮೇಲೆ ಪೈಪಿನ ಬಾಯಿ ಮುಚ್ಚಿ, ಒಂದು ದಿನವಾದರೂ ನೀರು ನಿಲ್ಲಿಸಿ ನೋಡಿ, ಆಮೇಲೆ ಕೊನೆಯ ಕಂತಿನ ದುಡ್ಡು ಕೊಡಿ. ಒಳಗೋಡೆ ಪೂರ್ತಿ ಒಣಗುವವರೆಗೆ ಪುಟ್ಟಿ, ಬಣ್ಣ ಯಾವುದೂ ಬೇಡ. ಒದ್ದೆ ಗೋಡೆಗೆ ಹೊಡೆದರೆ ಉಬ್ಬಿ ಉದುರುತ್ತದೆ.

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಕಾರಣ ಇದೆ. ಈ ಸಲ ಮೇಸ್ತ್ರಿ ಬಂದಾಗ ನೀವೂ ತಾರಸಿ ಹತ್ತಿ. ಎಲ್ಲಿ ಬಿರುಕು, ಏನು ಹಾಕ್ತೀರಿ, ಎಷ್ಟು ದಿನ ಅಂತ ನೀವೂ ಕೇಳಿ. ನಿಮ್ಮ ದುಡ್ಡು ಅದು. ಕಾಫಿ ಲೋಟ ಕೊಟ್ಟು ಕೆಳಗೆ ಇಳಿದು ಬರಬೇಡಿ.

ಈಗ ನಿಮ್ಮ ಪತ್ರದಲ್ಲೇ ಇರುವ ಒಂದು ಮಾತು. ನೀವು ಗಮನಿಸಿದಿರೋ ಇಲ್ಲವೋ, ‘ಎರಡು ವರ್ಷ’ ಎಂದು ಎರಡು ಕಡೆ ಬರೆದಿದ್ದೀರಿ. ಮಾವ ತೀರಿಕೊಂಡು ಎರಡು ವರ್ಷ. ಭಾನುವಾರದ ರಿಪೇರಿ ಶುರುವಾಗಿ ಎರಡು ವರ್ಷ. ನಾನು ಅವರನ್ನು ನೋಡಿಲ್ಲ, ಹಾಗಾಗಿ ಖಡಾಖಂಡಿತವಾಗಿ ಹೇಳಲಾರೆ. ಆದರೆ ಅಪ್ಪನಿಗಾಗಿ ಅಳಲು ಗೊತ್ತಿಲ್ಲದ ಮಗ ಅಪ್ಪ ಕಟ್ಟಿಸಿದ ಮನೆಯ ಬಿರುಕುಗಳನ್ನು ತುಂಬುತ್ತಾ ಕೂರಬಹುದು. ಅಂಥ ಮನೆ ಕೆಲಸ ಮುಗಿಯುವುದಿಲ್ಲ, ಅವರಿಗೆ ಮುಗಿಸುವುದೂ ಬೇಕಿರುವುದಿಲ್ಲ. ಕಾಂಪೌಂಡ್ ಆಯಿತು, ಗೇಟ್ ಆಯಿತು, ಸಂಪ್ ಆಯಿತು, ಈಗ ತಾರಸಿ. ಇದಾದ ಮೇಲೆ ಇನ್ನೊಂದು ಬರುತ್ತದೆ. ‘ಬರೀ ಮನೆ ಮನೆ ಅಂತೀರಿ’ ಎಂದು ರೇಗುವ ಬದಲು ಒಂದು ದಿನ ‘ಮಾವ ಈ ಮನೆ ಕಟ್ಟಿಸುವಾಗ ನೀವು ಎಷ್ಟು ವರ್ಷದವರು? ಆಗ ಹೇಗಿತ್ತು?’ ಎಂದು ಕೇಳಿ ನೋಡಿ. ಕೇಳಿ ಸುಮ್ಮನೆ ಕೂತುಕೊಳ್ಳಿ. ಏನು ಬರುತ್ತದೋ ಬರಲಿ.

ಇದರ ಅರ್ಥ ನಿಮ್ಮ ಬೇಜಾರು ಸಣ್ಣದು ಎಂದಲ್ಲ. ನಿಜ ಹೇಳಬೇಕೆಂದರೆ, ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ನೋವಾಗಿದ್ದು ಜೋಗದ ಮಾತಿಗಲ್ಲ, ಮಿಕ್ಸಿಯ ಮಾತಿಗೆ. ಬೆಳಿಗ್ಗೆ ಹೊತ್ತು ಒಲೆ ಮೇಲೆ ಒಂದು ಕಡೆ ಹಾಲು, ಇನ್ನೊಂದು ಕಡೆ ಇಡ್ಲಿ ಪಾತ್ರೆ, ಮಗಳ ಜಡೆ ಅರ್ಧ ಹೆಣೆದಿದೆ. ಅಷ್ಟರಲ್ಲಿ ನೀವು ಒಂದು ಕೈಯಲ್ಲಿ ಮಿಕ್ಸಿ, ಇನ್ನೊಂದು ಕೈಯಲ್ಲಿ ಜಾರ್ ಹಿಡಿದು ಹಾಲ್‌ಗೆ ಬರಬೇಕು, ಟಿವಿ ಪ್ಲಗ್ ಕೀಳಬೇಕು, ರುಬ್ಬಬೇಕು, ನೆಲಕ್ಕೆ ಬಿದ್ದ ಕಾಯಿತುರಿ ಒರೆಸಿ ಮತ್ತೆ ಒಳಗೆ ಹೋಗಬೇಕು. ಎರಡು ವರ್ಷ ಅಷ್ಟೆಲ್ಲ ರಿಪೇರಿ ಆದ ಮನೆಯಲ್ಲಿ ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ ಆಗಲಿಲ್ಲ. ಅವರಿಗೆ ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಮನೆ ಎಂದರೆ ಅವರ ಕಣ್ಣಿಗೆ ಹೊರಗಿನ ಗೋಡೆ, ಒಳಗಿನ ಅಡುಗೆಮನೆ ಕಾಣಿಸಿಲ್ಲ. ಹೇಳಿದ್ದೇನೆ ಎಂದು ನೀವೂ ಸುಮ್ಮನಾಗಿದ್ದೀರಿ. ನಾಳೆ ಬೆಳಿಗ್ಗೆ ಅವರನ್ನೇ ಕರೆದು ‘ಇವತ್ತು ಚಟ್ನಿ ನೀವು ರುಬ್ಬಿಕೊಡಿ’ ಎನ್ನಿ. ಜಗಳಕ್ಕಲ್ಲ, ಅವರಿಗೂ ಒಂದು ಸಲ ಕಾಣಲಿ ಅಂತ. ತಾರಸಿಗೆ ದುಡ್ಡು ಕೊಡುವ ಮೊದಲು ಆ ಬೋರ್ಡ್ ಬರಬೇಕು. ಇದು ಷರತ್ತು ಅನ್ನಿಸಿದರೆ ಅನ್ನಿಸಲಿ, ತಪ್ಪಿಲ್ಲ.

ಇನ್ನು ಜೋಗ. ನಿಮ್ಮ ಮನೆಯವರು ‘ಕೆಲಸ ಮುಗೀಲಿ’ ಎನ್ನುತ್ತಾರಲ್ಲ, ಮಳೆಗಾಲ ಅದನ್ನು ತಾನೇ ನಿಲ್ಲಿಸುತ್ತದೆ. ಮಳೆಯಲ್ಲಿ ಹೊರಗೋಡೆ ಗಾರೆ ಕೆಲಸ ಮಾಡಿಸುವವರು ಕಡಿಮೆ, ಬಣ್ಣ ಒಣಗುವುದಿಲ್ಲ, ಮೇಲಾಗಿ ಆಷಾಢ ಎಂದು ಅತ್ತೆಯೇ ಹೊಸ ಕೆಲಸ ಬೇಡ ಎಂದಾರು. ಜೋಗ ತುಂಬಿ ಬೀಳುವುದೂ ಅದೇ ತಿಂಗಳುಗಳಲ್ಲಿ. ಬೇಸಿಗೆಯಲ್ಲಿ ಹೋದರೆ ಬಂಡೆ ಮೇಲೆ ನಾಲ್ಕು ಬಿಳಿ ಗೆರೆ ನೋಡಿ ಬರಬೇಕಾಗುತ್ತದೆ. ಶರಾವತಿ ನೀರು ಮೇಲೆ ಲಿಂಗನಮಕ್ಕಿ ಅಣೆಕಟ್ಟಿನಲ್ಲೇ ನಿಲ್ಲುತ್ತದೆ. ಆಗಸ್ಟಿನ ಎರಡನೇ ಶನಿವಾರ ಇಟ್ಟುಕೊಳ್ಳಿ. ಮೈಸೂರು–ತಾಳಗುಪ್ಪ ರೈಲು ತುಮಕೂರಿನ ಮೇಲೇ ಹೋಗುತ್ತದೆ. ಶುಕ್ರವಾರ ರಾತ್ರಿ ಹತ್ತಿದರೆ ಶನಿವಾರ ಬೆಳಿಗ್ಗೆ ತಾಳಗುಪ್ಪ, ಅಲ್ಲಿಂದ ಜೋಗ ಹತ್ತಿರ. ಒಂದು ರಾತ್ರಿ ಉಳಿದು, ಭಾನುವಾರ ಸಾಗರದ ಪಕ್ಕದ ಇಕ್ಕೇರಿ ದೇವಸ್ಥಾನ ನೋಡಿಕೊಂಡು ರಾತ್ರಿ ರೈಲಿಗೆ ವಾಪಸ್ಸು. ಈಗ ರಿಸರ್ವೇಷನ್ 60 ದಿನ ಮುಂಚೆ ತೆರೆಯುತ್ತದೆ. ಜೂನ್ ತಿಂಗಳಲ್ಲೇ ಟಿಕೆಟ್ ತೆಗೆಸಿಬಿಡಿ. ಸ್ಲೀಪರ್‌ನಲ್ಲಿ ಹೋಗಿ ಸಾಧಾರಣ ರೂಮಿನಲ್ಲಿ ಉಳಿದರೆ ಎತ್ತಿಟ್ಟ ಹತ್ತು ಸಾವಿರ ಸಾಕು.

ಅತ್ತೆಗೆ ಈ ವಿಷಯ ನೀವು ಹೇಳಬೇಡಿ, ಮಗ ಹೇಳಲಿ. ‘ಅಮ್ಮ, ನಾವಿಬ್ಬರೂ ಎರಡು ದಿನ ಹೋಗಿ ಬರ್ತೀವಿ’ ಎಂದು ಅವರ ಬಾಯಲ್ಲೇ ಬರಬೇಕು. ನಾದಿನಿಯೋ ನಿಮ್ಮ ತಾಯಿಯೋ ಬಂದು ಇದ್ದರೆ ಮಗಳಿಗೂ ಖುಷಿ. ‘ನಾವೆಲ್ಲ ಎಲ್ಲಿಗೆ ಹೋಗಿದ್ವಿ’ ಎನ್ನುವ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅದರಲ್ಲಿ ನಿಮ್ಮ ಮೇಲಿನ ಸಿಟ್ಟಿಗಿಂತ, ಹೋಗಬೇಕಿತ್ತು ಎನ್ನುವ ಆಸೆಯೇ ಜಾಸ್ತಿ ಇರಬಹುದು. ಚಳಿಗಾಲದಲ್ಲಿ ಅವರನ್ನೂ ಎಲ್ಲಿಗಾದರೂ ಕರೆದುಕೊಂಡು ಹೋಗಿ. ಸ್ವಾರ್ಥಿಯಾ ಎಂದು ಕೇಳಿದ್ದೀರಿ. ಖಂಡಿತ ಅಲ್ಲ.

ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ, ಆಮೇಲೆ ಗಾಬರಿಯಾಗಬೇಡಿ. ಮೊದಲ ಅರ್ಧ ದಿನ ನಿಮ್ಮಿಬ್ಬರಿಗೂ ಮಾತೇ ಹೊರಡುವುದಿಲ್ಲ. ಅಷ್ಟು ವರ್ಷ ಮಗಳ ಫೀಸು, ಹಾಲಿನ ಲೆಕ್ಕ, ಸಿಮೆಂಟ್ ಮೂಟೆ ಇಷ್ಟನ್ನೇ ಮಾತಾಡಿದವರಿಗೆ ಬೇರೆ ಮಾತು ತಕ್ಷಣ ಎಲ್ಲಿಂದ ಬರಬೇಕು? ಅವರು ರೂಮಿನ ಗೋಡೆ ನೋಡಿ ‘ಇಲ್ಲೂ ತೇವ ಹಿಡಿದಿದೆ ನೋಡು’ ಎಂದರೂ ಎನ್ನಬಹುದು. ಬಿಟ್ಟುಬಿಡಿ. ಜೋಗದಲ್ಲಿ ಆ ತಿಂಗಳು ಮಂಜು ಕವಿದರೆ ಎದುರಿಗೆ ಏನೂ ಕಾಣುವುದಿಲ್ಲ, 830 ಅಡಿ ಬೀಳುವ ನೀರಿನ ಸದ್ದು ಮಾತ್ರ. ಜನ ಫೋಟೋ ಸಿಗಲಿಲ್ಲ ಎಂದು ಹೊರಟುಬಿಡುತ್ತಾರೆ. ನೀವು ಹೊರಡಬೇಡಿ. ಒಂದೇ ಛತ್ರಿ ಹಿಡಿದು, ಸುಟ್ಟ ಜೋಳ ಸಿಕ್ಕರೆ ತಗೊಂಡು, ಮಂಜು ಸರಿಯುವವರೆಗೆ ಅಲ್ಲೇ ನಿಂತಿರಿ.

ಹೋಗಿ ಬಂದ ಮೇಲೆ ಬರೆಯಿರಿ. ಸ್ವಿಚ್ ಬೋರ್ಡ್ ಬಂತಾ ಅಂತಲೂ ಬರೆಯಿರಿ, ಕಾಯುತ್ತಿರುತ್ತೇನೆ.