ಸ್ಕ್ವೀಲರ್‌ನ ಸುಳ್ಳುಗಳನ್ನು ಪ್ರಾಣಿಗಳು ನಂಬಿದ್ದೇಕೆ?

ನೀವು ಕೇಳಿರುವುದು ಎರಡು ಪ್ರಶ್ನೆ: ಜಾರ್ಜ್ ಆರ್ವೆಲ್ ಅವರ ‘ಅನಿಮಲ್ ಫಾರ್ಮ್’ ಕಾದಂಬರಿಯಲ್ಲಿ ನೆಪೋಲಿಯನ್ ಎಂಬ ಹಂದಿಯ ಆಡಳಿತಕ್ಕೆ ಪ್ರಚಾರ ಮುಖ್ಯಸ್ಥನಂತಿರುವ ಇನ್ನೊಂದು ಹಂದಿ ಸ್ಕ್ವೀಲರ್‌ನ ಬಾಲಿಶ ಸುಳ್ಳುಗಳನ್ನು ಉಳಿದ ಪ್ರಾಣಿಗಳು ಹೇಗೆ ನಂಬಿದವು, ಹಾಗೂ ಆ ಪಾತ್ರಕ್ಕೆ ಇತಿಹಾಸದಲ್ಲಿ ಮೂಲ ಯಾರು. ಪ್ರಾಣಿಗಳು ದಡ್ಡವಾಗಿದ್ದವು ಎಂಬ ಸಾಮಾನ್ಯ ಉತ್ತರವನ್ನು ನಾನು ಒಪ್ಪುವುದಿಲ್ಲ. ತಮ್ಮ ನೆನಪು ಸರಿಯೋ ತಪ್ಪೋ ಎಂದು ಒರೆಗೆ ಹಚ್ಚಿ ನೋಡಲು ಅವುಗಳ ಕೈಯಲ್ಲಿ ಏನೂ ಉಳಿದಿರಲಿಲ್ಲ. ಸ್ಕ್ವೀಲರ್‌ನ ಬಲವಿರುವುದು ಅವನ ಮಾತಿನ ಚಾತುರ್ಯಕ್ಕಿಂತ ಹೆಚ್ಚಾಗಿ ಅಲ್ಲಿಯೇ.

ಆರಂಭದಲ್ಲಿ ಅವನು ವಾದ ಮಾಡುತ್ತಾನೆ. ಹಾಲು ಮತ್ತು ಸೇಬು ಹಂದಿಗಳ ಪಾಲಾದಾಗ, ತಮಗೆ ಅವು ಇಷ್ಟವಿಲ್ಲದಿದ್ದರೂ ಬೌದ್ಧಿಕ ಕೆಲಸಕ್ಕಾಗಿ ತಿನ್ನಲೇಬೇಕಾಗಿದೆಯೆಂದು, ಇಲ್ಲವಾದರೆ ಹಳೆಯ ಯಜಮಾನ ಜೋನ್ಸ್ ಮರಳಿ ಬರುವನೆಂದು ಬಾಲ ಅಲ್ಲಾಡಿಸುತ್ತ ವಿವರಿಸುತ್ತಾನೆ. ಇದು ಹಸಿ ಸುಳ್ಳಾದರೂ ಇನ್ನೂ ವಾದದ ರೂಪದಲ್ಲಿದೆ. ನಿಜವಾದ ತಿರುವು ಬರುವುದು ಆರನೆಯ ಅಧ್ಯಾಯದಲ್ಲಿ. ಮನುಷ್ಯರೊಂದಿಗೆ ವ್ಯಾಪಾರ ಮಾಡಬಾರದು, ಹಣ ಮುಟ್ಟಬಾರದು ಎಂದು ತಾವೇ ನಿರ್ಣಯ ಮಾಡಿದ್ದು ಪ್ರಾಣಿಗಳಿಗೆ ಮಸುಕಾಗಿ ನೆನಪಿದೆ. ಸ್ಕ್ವೀಲರ್ ಆ ನಿರ್ಣಯವನ್ನು ಸಮರ್ಥಿಸುವ ಅಥವಾ ಖಂಡಿಸುವ ಗೋಜಿಗೇ ಹೋಗುವುದಿಲ್ಲ. ಅಂಥ ನಿರ್ಣಯವೇ ಆಗಿಲ್ಲ, ನೀವು ಕನಸು ಕಂಡಿರಬೇಕು, ಎಲ್ಲಿಯಾದರೂ ಬರೆದಿಟ್ಟಿದೆಯೇ ಎಂದು ಮರುಪ್ರಶ್ನೆ ಹಾಕುತ್ತಾನೆ. ಬರೆದಿಟ್ಟದ್ದು ಎಲ್ಲಿಯೂ ಇಲ್ಲ ಎಂಬುದು ನಿಜ. ಹಾಗಾಗಿ ತಾವೇ ತಪ್ಪು ತಿಳಿದಿದ್ದೆವು ಎಂದು ಪ್ರಾಣಿಗಳು ಸಮಾಧಾನಪಟ್ಟುಕೊಳ್ಳುತ್ತವೆ.

ಜೋನ್ಸ್‌ನನ್ನು ಓಡಿಸಿದ ಮೇಲೆ ಪ್ರಾಣಿಗಳ ಕಾನೂನಾಗಿ ಗೋಡೆಯ ಮೇಲೆ ಬರೆದಿಟ್ಟ ಏಳು ಆಜ್ಞೆಗಳಾದರೂ ಉಳಿದವೇ ಎಂದರೆ, ಅವೂ ಉಳಿಯಲಿಲ್ಲ. ಒಂದು ನಡುರಾತ್ರಿ ಸದ್ದು ಕೇಳಿ ಓಡಿಬಂದ ಪ್ರಾಣಿಗಳಿಗೆ ಕೊಟ್ಟಿಗೆಯ ಗೋಡೆಯ ಬುಡದಲ್ಲಿ ಎರಡು ತುಂಡಾದ ಏಣಿ, ಅದರ ಪಕ್ಕದಲ್ಲಿ ಬಿದ್ದಿರುವ ಸ್ಕ್ವೀಲರ್, ಒಂದು ಲಾಂದ್ರ, ಕುಂಚ ಮತ್ತು ಮಗುಚಿಬಿದ್ದ ಬಿಳಿ ಬಣ್ಣದ ಡಬ್ಬಿ ಕಾಣಿಸುತ್ತವೆ. ಕಳ್ಳ ಮಾಲು ಸಮೇತ ಸಿಕ್ಕಿಬಿದ್ದಂಥ ಈ ದೃಶ್ಯದಲ್ಲಿಯೂ ಮುದಿ ಕತ್ತೆ ಬೆಂಜಮಿನ್‌ನ ಹೊರತು ಯಾರಿಗೂ ಏನೂ ಹೊಳೆಯುವುದಿಲ್ಲ. ಕೆಲವು ದಿನಗಳ ಬಳಿಕ ಮ್ಯೂರಿಯಲ್ ಎಂಬ ಮೇಕೆ ಓದಿ ನೋಡಿದಾಗ, ಮದ್ಯಪಾನ ನಿಷೇಧದ ಆಜ್ಞೆಯು ಮಿತಿಮೀರಿದ ಮದ್ಯಪಾನದ ನಿಷೇಧವಾಗಿ ಬದಲಾಗಿರುತ್ತದೆ. ಬೆಂಜಮಿನ್‌ಗೆ ಓದಲು ಬರುತ್ತದೆ, ಅರ್ಥವೂ ಆಗಿದೆ, ಆದರೂ ಅವನು ಬಾಯಿ ಬಿಡುವುದಿಲ್ಲ. ಇಡೀ ಕಾದಂಬರಿಯಲ್ಲಿ ನನಗೆ ಸ್ಕ್ವೀಲರ್‌ಗಿಂತ ಹೆಚ್ಚು ಸಿಟ್ಟು ಬರುವುದು ಈ ಕತ್ತೆಯ ಮೇಲೆಯೇ.

ನೆಪೋಲಿಯನ್ ಸಾಕಿ ಬೆಳೆಸಿದ ನಾಯಿಗಳನ್ನು ಮರೆತರೆ ಈ ಉತ್ತರ ಅರ್ಧವಾಗುತ್ತದೆ. ನೆಪೋಲಿಯನ್ ಹೊರಗಟ್ಟಿದ್ದ ಪ್ರತಿಸ್ಪರ್ಧಿ ಹಂದಿ ಸ್ನೋಬಾಲ್ ಮೊದಲಿನಿಂದಲೂ ದ್ರೋಹಿಯಾಗಿದ್ದ ಎಂಬ ಮಾತನ್ನು ಬಾಕ್ಸರ್ ಎಂಬ ಕುದುರೆ ಒಪ್ಪದಿದ್ದಾಗ, ಸ್ಕ್ವೀಲರ್ ಮೊದಲು ರಹಸ್ಯ ದಾಖಲೆಗಳ ಮಾತೆತ್ತುತ್ತಾನೆ, ಅದು ಸಾಲದಾದಾಗ ನೆಪೋಲಿಯನ್‌ನ ಹೆಸರು ಹೇಳುತ್ತಾನೆ. ಬಾಕ್ಸರ್ ಅಲ್ಲಿಗೆ ಸುಮ್ಮನಾದರೂ ಸ್ಕ್ವೀಲರ್ ಅವನತ್ತ ಕೆಕ್ಕರಿಸಿ ನೋಡಿದ್ದನ್ನು ಲೇಖಕರು ದಾಖಲಿಸುತ್ತಾರೆ. ನಾಲ್ಕು ದಿನಗಳ ನಂತರ ಮೂರು ನಾಯಿಗಳು ಅದೇ ಬಾಕ್ಸರ್‌ನ ಮೇಲೆ ಎರಗುತ್ತವೆ. ಮಾತು ಸೋತಲ್ಲಿ ಹಲ್ಲು ಬರುತ್ತದೆಂದು ಗೊತ್ತಿರುವ ಕೇಳುಗರ ಮುಂದೆ ಯಾವ ಮಾತುಗಾರನೂ ಸಲೀಸಾಗಿ ಗೆಲ್ಲಬಲ್ಲ.

ಭಾನುವಾರಗಳಂದು ಅವನು ಉದ್ದನೆಯ ಕಾಗದ ಹಿಡಿದು ಉತ್ಪಾದನೆ ಶೇಕಡಾ 200, 300, 500 ಹೆಚ್ಚಿದೆಯೆಂದು ಓದುವುದು ಬರಿಯ ವ್ಯಂಗ್ಯವಲ್ಲ. ಈ ಕಾದಂಬರಿ ಸ್ಟಾಲಿನ್ ಆಳ್ವಿಕೆಯ ಸೋವಿಯತ್ ಒಕ್ಕೂಟದ ರೂಪಕ. 1933ರ ಕೊನೆಗೆ ಸೋವಿಯತ್ ಒಕ್ಕೂಟದ ಜನಸಂಖ್ಯೆ 16.8 ಕೋಟಿ ಎಂದು ಸ್ಟಾಲಿನ್ ಪಕ್ಷದ ಮಹಾಧಿವೇಶನದಲ್ಲಿ ಹೇಳಿದ್ದರು. 1937ರ ಜನಗಣತಿಯಲ್ಲಿ ಸಿಕ್ಕಿದ್ದು ಸುಮಾರು 16.2 ಕೋಟಿ ಮಾತ್ರ. ನಡುವೆ ಲಕ್ಷಾಂತರ ಜನರನ್ನು ಬಲಿತೆಗೆದುಕೊಂಡ ಕ್ಷಾಮವಿತ್ತು. ಆ ಗಣತಿಯ ಫಲಿತಾಂಶವನ್ನು ಹತ್ತಿಕ್ಕಲಾಯಿತು, ಅದನ್ನು ನಡೆಸಿದ ಅಧಿಕಾರಿಗಳನ್ನು ಬಂಧಿಸಲಾಯಿತು, 1939ರಲ್ಲಿ ಹೊಸದಾಗಿ ಎಣಿಕೆ ನಡೆಯಿತು. (ಅಂದ ಹಾಗೆ, ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಆರ್ವೆಲ್ 1941ರಿಂದ 1943ರವರೆಗೆ ಬಿಬಿಸಿಯಲ್ಲಿ ಭಾರತದ ಕೇಳುಗರಿಗಾಗಿ ಯುದ್ಧಕಾಲದ ಪ್ರಸಾರಗಳನ್ನು ಸಿದ್ಧಪಡಿಸುತ್ತಿದ್ದರು; ಪ್ರಚಾರದ ಅಡುಗೆಮನೆ ಅವರಿಗೆ ಹೊಸದೇನಲ್ಲ.)

ಇನ್ನು ಎರಡನೆಯ ಪ್ರಶ್ನೆ. ಅನೇಕ ಓದುಗರು ಸ್ಟಾಲಿನ್ ಅವರ ಆಪ್ತ ಸಹಚರ ಮೊಲೊಟೊವ್ ಅವರ ಹೆಸರು ಹೇಳುತ್ತಾರೆ. ನನಗೆ ಅದು ಅಷ್ಟಾಗಿ ಹೊಂದುವುದಿಲ್ಲ. ಮೊಲೊಟೊವ್ 1930ರಿಂದ 1941ರವರೆಗೆ ಸರ್ಕಾರದ ಮುಖ್ಯಸ್ಥರಾಗಿದ್ದವರು, 1939ರ ಆಗಸ್ಟ್‌ನಲ್ಲಿ ಜರ್ಮನಿಯೊಂದಿಗಿನ ಒಪ್ಪಂದಕ್ಕೆ ಸಹಿ ಹಾಕಿದವರು. ಆ ಒಪ್ಪಂದವನ್ನು ನೆನಪಿಸುವ ಮರದ ವ್ಯಾಪಾರವನ್ನು ಕಾದಂಬರಿಯಲ್ಲಿ ನೆರೆಯ ಜಮೀನಿನ ಒಡೆಯ ಫ್ರೆಡರಿಕ್‌ನೊಂದಿಗೆ ಕುದುರಿಸುವುದು ನೆಪೋಲಿಯನ್. ಸ್ಕ್ವೀಲರ್ ಯಾವ ದೊಡ್ಡ ನಿರ್ಧಾರವನ್ನೂ ತಾನಾಗಿ ತೆಗೆದುಕೊಳ್ಳುವುದಿಲ್ಲ, ಆದ ನಿರ್ಧಾರಕ್ಕೆ ಬೆಳಗಾಗುವುದರೊಳಗೆ ಕಾರಣ ಹುಡುಕಿ ತರುತ್ತಾನೆ. ಆ ಲೆಕ್ಕದಲ್ಲಿ ಅವನು ಒಬ್ಬ ವ್ಯಕ್ತಿಗಿಂತ, ಪಕ್ಷದ ಮುಖವಾಣಿಯಾಗಿದ್ದ ‘ಪ್ರಾವ್ದಾ’ ಪತ್ರಿಕೆಗೆ ಹೆಚ್ಚು ಹತ್ತಿರದವನು.