ಪ್ರತಿಕ್ರಿಯೆ: ಕಯೋಟಿಯೂ ಕಪ್ಪು ಬಂಡೆಗಳೂ

ಟೋನಿ ಹಿಲರ್‌ಮನ್ ಅವರ ‘ಕಯೋಟಿ ವೇಟ್ಸ್’ (1990) ಎಂಬ ಪತ್ತೇದಾರಿ ಕಾದಂಬರಿ ಓದುತ್ತಿರುವ ನೀವು, ಉತ್ತರ ಅಮೆರಿಕದ ತೋಳದಂಥ ಪ್ರಾಣಿ ಕಯೋಟಿಯನ್ನು ಪಂಚತಂತ್ರದ ನರಿಯಂತೆ ಭಾವಿಸಬಹುದೇ, ಬಂಡೆಗಳ ವರ್ಣನೆ ಅಷ್ಟೊಂದು ಏಕೆ ಎಂದು ಕೇಳಿದ್ದೀರಿ.

ನರಿಯ ಹೋಲಿಕೆ ಅರ್ಧ ದಾರಿಗಷ್ಟೇ ಸಾಲುತ್ತದೆ. ಪಂಚತಂತ್ರದ ನರಿ ದಮನಕನ ಕುತಂತ್ರಕ್ಕೆ ಒಂದು ಗುರಿಯಿದೆ. ಅಮೆರಿಕದ ನೈಋತ್ಯ ಭಾಗದ ಮೂಲನಿವಾಸಿಗಳಾದ ನವಾಹೋ ಜನರ ಕತೆಗಳ ಕಯೋಟಿಗೆ ತಾಳ್ಮೆಯೇ ಇಲ್ಲ. ಇತರರು ನಕ್ಷತ್ರಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದಾಗ ಮಿಕ್ಕಿದ್ದನ್ನೆಲ್ಲ ಆಕಾಶಕ್ಕೆ ಎರಚಿಬಿಟ್ಟವನು ಅವನು. ಹಾಗೆಂದು ಬರಿಯ ಖಳನೂ ಅಲ್ಲ, ಸೃಷ್ಟಿಕತೆಯಲ್ಲಿ ಅವನಿಗೂ ಪಾಲಿದೆ. ಆದ್ದರಿಂದ ಕಾದಂಬರಿಯಲ್ಲಿ ‘ಕಯೋಟಿ ಯಾರು’ ಎಂದು ಒಬ್ಬನತ್ತ ಬೆರಳು ತೋರಿಸಲು ಹೋಗಬೇಡಿ. ಕುಡಿತ, ದುರಾಸೆ, ಅವಸರ ಎಲ್ಲಿ ನುಸುಳಿದರೂ ಅಲ್ಲಿ ಅವನಿದ್ದಾನೆ.

ಬಂಡೆಗಳ ವಿಷಯ ಇನ್ನೂ ಸ್ವಾರಸ್ಯಕರ. ನವಾಹೋ ಜನರ ಲೋಕಕ್ಕೆ ನಾಲ್ಕು ಪವಿತ್ರ ಪರ್ವತಗಳೇ ಎಲ್ಲೆ: ಪೂರ್ವಕ್ಕೆ ಬ್ಲಾಂಕಾ, ದಕ್ಷಿಣಕ್ಕೆ ಮೌಂಟ್ ಟೇಲರ್, ಪಶ್ಚಿಮಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಶಿಖರಗಳು, ಉತ್ತರಕ್ಕೆ ಹೆಸ್ಪರಸ್. ಅದರೊಳಗೆ ನೆಲ, ಪ್ರಾಣಿ, ಮನುಷ್ಯರೆಲ್ಲ ಹೊಂದಿಕೊಂಡು ಬಾಳುವುದೇ ‘ಹೋಜೋ’. ಈ ಹಿನ್ನೆಲೆಯಲ್ಲಿ, ಶಿಪ್‌ರಾಕ್ ಸೀಮೆಯ ಕಪ್ಪು ಲಾವಾ ಬಂಡೆಗಳಿಗೆ ಯಾರೋ ಬಿಳಿ ಬಣ್ಣ ಬಳಿಯುವುದು ಕೇವಲ ಪುಂಡಾಟವಾಗಿ ಉಳಿಯುವುದಿಲ್ಲ. ಪೊಲೀಸನೊಬ್ಬ ಅವನನ್ನು ಹಿಡಿಯಲು ಹೋಗಿ ಕೊಲೆಯಾಗುತ್ತಾನೆ. ಬಣ್ಣ ಬಳಿದದ್ದೇಕೆ ಎಂಬುದನ್ನು ಹೇಳಿ ನಿಮ್ಮ ಓದು ಕೆಡಿಸುವುದಿಲ್ಲ. ಬಂಡೆಗಳನ್ನು ದೂರದಿಂದ ಯಾರು ನೋಡುತ್ತಾರೆ ಎಂಬುದರ ಮೇಲೆ ಮಾತ್ರ ಕಣ್ಣಿಡಿ.

ಈ ಕೊಲೆಯ ಜಾಡು ಹಿಡಿಯುವ ನವಾಹೋ ಪೊಲೀಸ್ ಪತ್ತೇದಾರರಿಬ್ಬರ ನೋಟವೂ ಬೇರೆ ಬೇರೆ. ಜಿಮ್ ಚೀ ಹಾಡಿನ ವಿಧಿಗಳಿಂದ ಗುಣಪಡಿಸುವ ಸಾಂಪ್ರದಾಯಿಕ ಗಾಯಕ-ವೈದ್ಯನಾಗಲು ಹಂಬಲಿಸುವವನು. ಲೀಪ್‌ಹಾರ್ನ್ ಗೋಡೆಯ ನಕ್ಷೆಗೆ ಪಿನ್ನು ಚುಚ್ಚಿ ಯೋಚಿಸುವವನು, ಮಾಟಮಂತ್ರದ ಮಾತೆಂದರೆ ಅವನಿಗಾಗದು. ಹಿಲರ್‌ಮನ್ ಸ್ವತಃ ನವಾಹೋ ಅಲ್ಲ, ಆದ್ದರಿಂದ ಆ ಸಮುದಾಯದವರೇ ಹೇಳಿದ ಸೃಷ್ಟಿಕತೆಗಳನ್ನೂ ಜೊತೆಗಿಟ್ಟುಕೊಂಡು ಓದಿ.