ತಾಳವಿಲ್ಲ, ಸಾಹಿತ್ಯವಿಲ್ಲ: ಆಂಬಿಯೆಂಟ್, ಡ್ರೋನ್, ನಾಯ್ಸ್ ಆಲ್ಬಂಗಳಿಗೆ ಕನ್ನಡದಲ್ಲಿ ವಿಮರ್ಶೆ ಬರೆಯುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಕಲಬುರಗಿಯಲ್ಲಿ ಹತ್ತು-ಹನ್ನೆರಡು ಅಡಿಯ ಬಾಡಿಗೆ ರೂಮು, ಒಂದು ಲ್ಯಾಪ್‌ಟಾಪು, ಒಂದು ಜೊತೆ ಸ್ಪೀಕರು, ಒಂದು ಹೆಡ್‌ಫೋನು. ಹಿನ್ನೆಲೆಯಂತೆ ಮೆಲ್ಲನೆ ಹರಡುವ ಆಂಬಿಯೆಂಟ್, ಒಂದೇ ಸ್ವರವನ್ನು ಬಹಳ ಹೊತ್ತು ಹಿಡಿಯುವ ಡ್ರೋನ್, ಗದ್ದಲವನ್ನೇ ಸಂಗೀತವಾಗಿಸುವ ನಾಯ್ಸ್ ಆಲ್ಬಂ ಕೇಳುತ್ತೀರಿ, ಇಷ್ಟವೂ ಆಗುತ್ತದೆ. ಬರೆಯಲು ಕೂತರೆ ಮಾತ್ರ “ಮನಸ್ಸಿಗೆ ಶಾಂತಿ ಕೊಡುತ್ತದೆ” ಅನ್ನುವ ಸಾಲಿನಿಂದ ಮುಂದೆ ಪೆನ್ನು ಓಡುವುದಿಲ್ಲ.

ಆ ಸಾಲನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಇಲ್ಲಿ ರಾಗ ಹಿಡಿದು, ತಾಳ ಹಿಡಿದು, ಸಾಹಿತ್ಯ ಹಿಡಿದು ಮಾತಾಡಲು ಬರುವುದಿಲ್ಲ. ಉಳಿಯುವುದು ಸದ್ದು ಮತ್ತು ಹೊತ್ತು, ಎರಡೇ. ಯಾವ ಸದ್ದು, ಎಷ್ಟು ಹೊತ್ತು, ಅಷ್ಟು ಹೊತ್ತಿನಲ್ಲಿ ಅದಕ್ಕೆ ಏನಾಯಿತು ಎಂಬುದನ್ನು ಆಲ್ಬಂ ಕೇಳದವನಿಗೂ ಕೇಳಿಸುವಂತೆ ಬರೆದರೆ ವಿಮರ್ಶೆಯ ಮುಕ್ಕಾಲು ಕೆಲಸ ಆದಂತೆ. ನಿಮಗೆ ಏನನಿಸಿತು ಎಂಬುದು ಅದಾದ ಮೇಲೆ.

ಮೊದಲು ರೂಮು. ನಮ್ಮ ಕಡೆ ನೆಲಕ್ಕೆ ಶಹಾಬಾದ್ ಕಲ್ಲಿನ ಫರಸಿ, ಮೇಲೆ ಸ್ಲ್ಯಾಬು. ಎರಡೂ ಸದ್ದನ್ನು ಹೀರುವುದಿಲ್ಲ, ವಾಪಸು ಎಸೆಯುತ್ತವೆ. ಆಲ್ಬಂನ ಅನುರಣನ (ಸದ್ದು ನಿಂತ ಮೇಲೂ ಉಳಿಯುವ ಮೊಳಗು) ಯಾವುದು, ಗೋಡೆಯದು ಯಾವುದು ಎಂದು ತಿಳಿಯದಷ್ಟು ಕಲಸುಮೇಲೋಗರ ಆಗುತ್ತದೆ. ಎರಡು ದಪ್ಪ ಕೌದಿ ಸಾಕು: ಒಂದನ್ನು ಸ್ಪೀಕರಿಗೂ ನಿಮಗೂ ನಡುವೆ ನೆಲಕ್ಕೆ ಹಾಸಿ, ಇನ್ನೊಂದನ್ನು ಬೆನ್ನ ಹಿಂದೆ ಹಗ್ಗ ಕಟ್ಟಿ ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಳಿಬಿಡಿ. ಮೇಲಿನ ಸ್ಥಾಯಿಯ ಸದ್ದುಗಳ ಚೆಲ್ಲಾಪಿಲ್ಲಿ ಇದರಿಂದ ತಗ್ಗುತ್ತದೆ. ಮಂದ್ರಕ್ಕೆ, ಅಂದರೆ ತಗ್ಗಿನ ಸ್ಥಾಯಿಯ ಸದ್ದಿಗೆ, ಕೌದಿ ಏನೂ ಮಾಡದು. 10 ಅಡಿ ಅಂತರದ ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್, 12 ಅಡಿಯ ನಡುವೆ ಸುಮಾರು 47 ಹರ್ಟ್ಸಿನ ಸದ್ದು ತಾನಾಗಿ ಉಬ್ಬುತ್ತದೆ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ). ಸೆಕೆಂಡಿಗೆ 343 ಮೀಟರಿನ ಶಬ್ದವೇಗವನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ ಈ ಲೆಕ್ಕ ಸಿಗುತ್ತದೆ. ಆ ಉಬ್ಬನ್ನು ಕಲಾವಿದರ ಖಾತೆಗೆ ಬರೆಯಬೇಡಿ. ಮಂದ್ರದ ಬಗ್ಗೆ ಒಂದು ಸಾಲು ಬರೆಯುವ ಮುನ್ನ ವೈರ್ ಇರುವ ಹೆಡ್‌ಫೋನಿನಲ್ಲಿ ಒಮ್ಮೆ ತಾಳೆ ನೋಡಿ.

ಅಮೆರಿಕದ ಸಂಯೋಜಕ ಆಲ್ವಿನ್ ಲೂಸಿಯರ್ 1969ರಲ್ಲಿ ಇದನ್ನೇ ಕೃತಿಯಾಗಿಸಿದರು. ‘ಐ ಆಮ್ ಸಿಟ್ಟಿಂಗ್ ಇನ್ ಎ ರೂಮ್’ನಲ್ಲಿ ತಮ್ಮ ಮಾತನ್ನು ರೆಕಾರ್ಡ್ ಮಾಡಿ, ಅದೇ ರೂಮಿನಲ್ಲಿ ನುಡಿಸಿ, ಅದನ್ನು ಮತ್ತೆ ರೆಕಾರ್ಡ್ ಮಾಡುತ್ತ ಹೋದರು. ಸುತ್ತು ಹೆಚ್ಚಿದಂತೆ ಮಾತು ಅಳಿದು ರೂಮಿನ ಉಬ್ಬುಗಳಷ್ಟೇ ಸ್ವರಗಳಾಗಿ ಉಳಿಯುತ್ತವೆ. ನಿಮ್ಮ ರೂಮು ಸಂಗೀತಕ್ಕೆ ಏನು ಮಾಡುತ್ತದೆ ಎಂದು ಅರಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಇನ್ನು ಫ್ಯಾನು, ಕೂಲರು. ಏಪ್ರಿಲ್-ಮೇ ಬಿಸಿಲಿಗೆ ಅವನ್ನು ಬಂದ್ ಮಾಡಿ ಕೂರಿ ಎಂದು ಹೇಳಲಾರೆ. ಆದರೆ ಟೇಪಿನ ಸುಯ್ ಸದ್ದು, ಮೆಲ್ಲನೆ ಆರಿಹೋಗುವ ಕೊನೆಗಳು ಫ್ಯಾನಿನ ಗಾಳಿಯಲ್ಲೇ ಮುಳುಗುತ್ತವೆ. ಬೇಸಿಗೆಯಲ್ಲಿ ನಸುಕಿನ ನಾಲ್ಕೂವರೆಯಿಂದ ಆರರ ತನಕದ ಹೊತ್ತನ್ನು ಇದಕ್ಕೆ ಮೀಸಲಿಡಿ. ಲ್ಯಾಪ್‌ಟಾಪಿಗೆ ಚಾರ್ಜರ್ ಹಚ್ಚಿ ಸ್ಪೀಕರ್ ಜೋಡಿಸಿದರೆ ಕೆಲವೊಮ್ಮೆ 50 ಹರ್ಟ್ಸಿನ ಗುಂಯ್ ಸೇರಿಕೊಳ್ಳುತ್ತದೆ. ಅದನ್ನು ಡ್ರೋನ್ ಎಂದು ತಿಳಿದು ಹೊಗಳಿಬಿಡುವ ಅಪಾಯ ನಿಜಕ್ಕೂ ಇದೆ. ಆಲ್ಬಂ ನಿಲ್ಲಿಸಿ ನೋಡಿ: ಗುಂಯ್ ಉಳಿದರೆ ಅದು ನಿಮ್ಮ ಮನೆಯದು.

ಫೋನಿನಲ್ಲಿ ಬಂದ್ ಮಾಡಬೇಕಾದವು: ಬಾಸ್ ಬೂಸ್ಟ್, ಈಕ್ವಲೈಸರ್, ಸರೌಂಡ್ ಹೆಸರಿನ ಯಾವುದೇ ಎಫೆಕ್ಟ್, ಕ್ರಾಸ್‌ಫೇಡ್, ವಾಲ್ಯೂಮ್ ನಾರ್ಮಲೈಸೇಷನ್. ಕ್ರಾಸ್‌ಫೇಡ್ ಇದ್ದರೆ ಕಲಾವಿದರು ಬೇಕೆಂದೇ ಬಿಟ್ಟ ಮೌನದ ಮೇಲೆ ಮುಂದಿನ ಟ್ರ್ಯಾಕ್ ಹತ್ತಿ ಕೂರುತ್ತದೆ. ನಾರ್ಮಲೈಸೇಷನ್ ಇದ್ದರೆ, ಅದೂ ಟ್ರ್ಯಾಕಿಗೊಂದರಂತೆ ಲೆಕ್ಕ ಹಾಕಿದರೆ, ಪಿಸುಗುಡುವ ಟ್ರ್ಯಾಕೂ ಅಬ್ಬರಿಸುವ ಟ್ರ್ಯಾಕೂ ಒಂದೇ ಎತ್ತರಕ್ಕೆ ಬಂದುಬಿಡುತ್ತವೆ. ಕೆಲವು ಆಲ್ಬಂಗಳಲ್ಲಿ ಆ ಏರುಪೇರೇ ಸಂಗೀತ.

ಫೈಲಿನ ಗುಣಮಟ್ಟ ಈ ಪ್ರಕಾರಗಳಲ್ಲಿ ಬೇರೆಲ್ಲೆಡೆಗಿಂತ ಹೆಚ್ಚು ಮುಖ್ಯ. ಎಂಪಿ3 ತಂತ್ರ ಮಾತು, ಹಾಡು, ವಾದ್ಯಗಳನ್ನು ಚೆನ್ನಾಗಿ ಕುಗ್ಗಿಸುತ್ತದೆ. ಗೊತ್ತುಗುರಿಯಿಲ್ಲದ ಸುಯ್, ಭೋರ್ ಸದ್ದುಗಳನ್ನು ಕುಗ್ಗಿಸುವಾಗ ಸೋಲುತ್ತದೆ. ಕಡಿಮೆ ಬಿಟ್‌ರೇಟಿನಲ್ಲಿ, ಅಂದರೆ ಫೈಲನ್ನು ತೀರ ಕುಗ್ಗಿಸಿದಾಗ, ಮಳೆಯ ಸದ್ದು ನೀರೊಳಗಿಂದ ಕೇಳಿದಂತೆ ಬುಳುಬುಳು ಆಗುತ್ತದೆ. ಆಲ್ಬಂ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಕೊಳ್ಳುವ ಮುಂಚೆ ಕೇಳಿಸುವುದು 128 ಕೆಬಿಪಿಎಸ್ ಎಂಪಿ3. ಅದನ್ನು ಕೇಳಿ ನಾಯ್ಸ್ ಆಲ್ಬಂ ಒಂದಕ್ಕೆ “ಸದ್ದು ಮಸುಕಾಗಿದೆ” ಎಂದು ಬರೆದರೆ ಅನ್ಯಾಯ. ವಿಮರ್ಶೆಗೆ ಆರಿಸಿದ ಆಲ್ಬಂ ಒಂದನ್ನಾದರೂ ಕೊಂಡು, ಗುಣಮಟ್ಟ ಕಳೆಯದ ಫ್ಲ್ಯಾಕ್ ಫೈಲ್ ಇಳಿಸಿಕೊಳ್ಳಿ.

ಈಗ ಕೇಳುವ ಕ್ರಮ. ಒಂದು ಗಂಟೆಯ ಆಲ್ಬಂಗೆ ವಾರದೊಳಗೆ ಕನಿಷ್ಠ ನಾಲ್ಕು ಗಂಟೆ ಕೊಡಿ. ಮೊದಲ ಸಲ ಪೆನ್ನು ಬೇಡ, ಫೋನು ಬೋರಲು. ಎರಡನೇ ಸಲ ವಹಿ ಹಿಡಿದು, ಬದಲಾವಣೆ ಆದಾಗ ಮಾತ್ರ ನಿಮಿಷ-ಸೆಕೆಂಡ್ ಹಾಕಿ ಒಂದು ಸಾಲು: “7:40, ಹಿಂದಿನ ಸುಯ್ ನಿಂತಿತು, ನಿಂತ ಮೇಲೇ ಅದು ಇತ್ತೆಂದು ತಿಳಿಯಿತು” ಎಂಬ ಹಾಗೆ. ಗಂಟೆಗೆ ಇಪ್ಪತ್ತು-ಇಪ್ಪತ್ತೈದು ಸಾಲು ಬಂದರೆ ಸರಿಯಾಗಿ ಕೇಳುತ್ತಿದ್ದೀರಿ. ಮೊದಲ ಐದು ನಿಮಿಷಕ್ಕೆ ಹದಿನೈದು ಸಾಲು, ಆಮೇಲಿನ ನಲವತ್ತು ನಿಮಿಷಕ್ಕೆ ಎರಡೇ ಸಾಲು ಬಂದಿದ್ದರೆ, ಸಂಗೀತ ನಿಂತಿದೆ ಎಂದು ತೀರ್ಪು ಕೊಡುವ ಮುನ್ನ ನಿಮ್ಮ ಗಮನವೇ ನಿಂತಿತ್ತೇ ಎಂದು ನಡುವಿನಿಂದ ಶುರುಮಾಡಿ ನೋಡಿ. ಮೂರನೇ ಸಲ ಫ್ಯಾನು ಹಚ್ಚಿ, ಮನೆಗೆಲಸ ಮಾಡುತ್ತ ಕೇಳಿ. ಇದು ಸೋಮಾರಿತನವಲ್ಲ. 1978ರ ‘ಆಂಬಿಯೆಂಟ್ 1: ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಜೊತೆಗಿನ ಬರಹದಲ್ಲಿ ಅದರ ಸಂಯೋಜಕ ಬ್ರಯನ್ ಈನೋ ಈ ಪ್ರಕಾರಕ್ಕೆ ಇಟ್ಟ ಷರತ್ತೇ ಅದು: ಗಮನ ಕೊಟ್ಟರೂ ನಿಲ್ಲಬೇಕು, ಕೊಡದಿದ್ದರೂ ನಡೆಯಬೇಕು. ಎರಡೂ ಬಗೆಯಲ್ಲಿ ಕೇಳದೆ ಆಂಬಿಯೆಂಟ್ ಆಲ್ಬಂಗೆ ತೀರ್ಪು ಕೊಡುವುದು ಅರ್ಧ ಪರೀಕ್ಷೆ. ನಾಲ್ಕನೇ ಸಲ, ನೀವು ಬರೆದ ಕರಡನ್ನು ಮುಂದಿಟ್ಟುಕೊಂಡು.

ಯಾವ ಸಲವೂ ಬೆರಳಿನಿಂದ ಮುಂದಕ್ಕೆಳೆದು ಕೇಳಬೇಡಿ. ಒಂದು ವಿನಾಯಿತಿ ಇದೆ: ಉದ್ದ ಸಾರ್ಥಕವಾಗಿದೆಯೇ ಎಂದು ಪರೀಕ್ಷಿಸಲು ಮೂರನೇ ನಿಮಿಷವನ್ನೂ ಕೊನೆಯ ಹತ್ತಿರದ ನಿಮಿಷವನ್ನೂ ಬೆನ್ನಿಗೆ ಬೆನ್ನು ಕೇಳಿ. ಅಮೆರಿಕದ ಸಂಯೋಜಕ ವಿಲಿಯಂ ಬಸಿನ್ಸ್ಕಿಯವರ ‘ದ ಡಿಸಿಂಟಿಗ್ರೇಷನ್ ಲೂಪ್ಸ್’ನ ಮೊದಲ ಟ್ರ್ಯಾಕ್ ಒಂದು ಗಂಟೆಗೂ ಹೆಚ್ಚು, ಕೆಲವೇ ಸೆಕೆಂಡಿನ ಒಂದು ಲೂಪ್ (ತುದಿಗೆ ತುದಿ ಅಂಟಿಸಿದ ಟೇಪಿನ ತುಣುಕು) ಅಷ್ಟೂ ಹೊತ್ತು ತಿರುಗುತ್ತದೆ. 1980ರ ದಶಕದ ಟೇಪುಗಳನ್ನು 2001ರಲ್ಲಿ ಡಿಜಿಟಲ್ ಮಾಡಲು ಹೋದಾಗ, ಟೇಪಿನ ಅಂಟು ಹಳತಾಗಿ, ಪ್ರತಿ ಸುತ್ತಿಗೂ ಅದರ ಮೇಲಿನ ಆಕ್ಸೈಡ್ ಪುಡಿ ಉದುರುತ್ತಿತ್ತು. ಪುಡಿ ಉದುರಿದಲ್ಲಿ ಸದ್ದಿಲ್ಲ. ಐದನೇ ನಿಮಿಷವನ್ನೂ ಐವತ್ತೈದನೆಯದನ್ನೂ ಹೋಲಿಸಿದರೆ ರಾಗದ ಜಾಗದಲ್ಲಿ ತೂತುಗಳು ಕೇಳಿಸುತ್ತವೆ. ಗಂಟೆಯ ಉದ್ದ ಇಲ್ಲಿ ಬೇಕೇಬೇಕು. ಇದೇ ಪರೀಕ್ಷೆಯಲ್ಲಿ ಎರಡೂ ತುದಿ ಒಂದೇ ಆಗಿ ಕೇಳಿಸಿ, ನಡುವೆಯೂ ಏನೂ ನಡೆಯದಿದ್ದರೆ, “ಇಪ್ಪತ್ತು ನಿಮಿಷದ್ದು ಎಂಟರಲ್ಲೇ ಮುಗಿಯಬಹುದಿತ್ತು” ಎಂದು ಧೈರ್ಯವಾಗಿ ಬರೆಯಿರಿ.

ಆದರೆ ಬದಲಾಗದಿರುವುದೇ ಉದ್ದೇಶವಾದ ಕೃತಿಗಳೂ ಇವೆ. ಅಮೆರಿಕದ ಸಂಯೋಜಕ ಲಾ ಮಾಂಟ್ ಯಂಗ್ 1960ರಲ್ಲಿ ಬರೆದ ಒಂದು ರಚನೆಯಲ್ಲಿ ಇರುವುದು ಎರಡು ಸ್ವರ, ಅವನ್ನು ಬಹಳ ಹೊತ್ತು ಹಿಡಿಯಬೇಕೆಂಬ ಸೂಚನೆ, ಅಷ್ಟೇ. ಇಂಥದ್ದನ್ನು ಹೆಡ್‌ಫೋನಿನಲ್ಲಿ ಕೇಳಿದರೆ ತಪ್ಪಾಗಿ ಕೇಳಿದಂತೆ. ಸ್ಪೀಕರಿನಲ್ಲಿ ಹಾಕಿ, ಒಂದು ಗೇಣು ತಲೆ ಸರಿಸಿ: ಒಂದು ಸ್ವರ ಮರೆಯಾಗಿ ಇನ್ನೊಂದು ಏಳುತ್ತದೆ. ಮೊದಲು ಶತ್ರುವಾಗಿದ್ದ ರೂಮು ಇಲ್ಲಿ ವಾದ್ಯ.

ಡ್ರೋನ್ ನಮಗೆ ಹೊಸದೂ ಅಲ್ಲ. ಯಂಗ್ ಮತ್ತು ಇನ್ನೊಬ್ಬ ಸಂಯೋಜಕ ಟೆರ್ರಿ ರೈಲಿ ಇಬ್ಬರೂ ಪಂಡಿತ್ ಪ್ರಾಣನಾಥರ ಶಿಷ್ಯರು. 1970ರಲ್ಲಿ ನ್ಯೂಯಾರ್ಕಿಗೆ ಹೋದ ಪ್ರಾಣನಾಥರು ಕಿರಾನಾ ಘರಾಣೆಯವರು; ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರ ಘರಾಣೆಯೂ ಅದೇ. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವಾಗ ಏಕತಾರಿ ಬಿಡದೆ ಹಿಡಿದ ಶ್ರುತಿ ಕೇಳಿ ಬೆಳೆದ ಕಿವಿಗೆ ಡ್ರೋನ್ ಅರ್ಧ ಪರಿಚಿತ. ಹಾಗೆಂದು “ಇದೆಲ್ಲ ನಮ್ಮದೇ” ಎಂದು ಬರೆದು ಮುಗಿಸಬೇಡಿ. ತತ್ವಪದದಲ್ಲಿ ಶ್ರುತಿ ಪದಕ್ಕೆ ಆಧಾರ. ಯಂಗ್ ಅವರಲ್ಲಿ ಮೇಲೆ ಪದವೇ ಇಲ್ಲ, ಆಧಾರವನ್ನೇ ಕೇಳಬೇಕು. ಆ ವ್ಯತ್ಯಾಸ ಬರೆದರೆ ವಿಮರ್ಶೆಗೆ ತೂಕ ಬರುತ್ತದೆ.

ಪದಗಳ ವಿಷಯಕ್ಕೆ ಬರೋಣ; ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ದೊಡ್ಡ ಆಸ್ತಿಯಿದೆ, ಅದನ್ನು ಬಳಸದಿರುವುದು ನೋಡಿದರೆ ಸಂಕಟವಾಗುತ್ತದೆ. ಗುಂಯ್, ಚಿಟಚಿಟದಂಥ ಅನುಕರಣ ಪದಗಳನ್ನು ಹರಟೆಗೆ ಬಿಟ್ಟು, ವಿಮರ್ಶೆಗೆ “ವಾತಾವರಣಾತ್ಮಕ”, “ಅಲೌಕಿಕ” ಎಂದು ಬರೆದರೆ ಏನೂ ಕೇಳಿಸುವುದಿಲ್ಲ. ಒಂದು ಅನುಕರಣ ಪದಕ್ಕೂ ಇನ್ನೊಂದಕ್ಕೂ ನಡುವಿನ ಗೆರೆ ಮಾತ್ರ ಖಚಿತವಾಗಿರಲಿ. ಗುಂಯ್ ಎಂದರೆ ಒಂದೇ ಸ್ಥಾಯಿ ಹಿಡಿದ ಸದ್ದು, ಬೋರಿನ ಮೋಟಾರಿನ ಹಾಗೆ. ಮೊರೆತ ಎಂದರೆ ಹಲವು ಸ್ಥಾಯಿಗಳು ಕೂಡಿ ಏರಿಳಿಯುವುದು, ದಾಲ್ ಮಿಲ್ಲನ್ನು ದೂರದಿಂದ ಕೇಳಿದ ಹಾಗೆ. ಚಿಟಚಿಟ ಎಂದರೆ ಲೆಕ್ಕವಿಲ್ಲದ ಅಂತರದಲ್ಲಿ ಸಿಡಿಯುವುದು, ಒಗ್ಗರಣೆಯ ಸಾಸಿವೆಯಂತೆ. ಟಿಕ್‌ಟಿಕ್ ಎಂದರೆ ಲೆಕ್ಕದ ಅಂತರ. ಬೇಕೆಂದೇ ಕೆಡಿಸಿದ ಸಿಡಿಗಳ ತೊದಲಿನಿಂದಲೇ ಜರ್ಮನಿಯ ಓವಲ್ ತಂಡ ಕಟ್ಟಿದ ‘94 ಡಿಸ್ಕಾಂಟ್’ ಕೇಳುವಾಗ, ಎಲ್ಲಿ ಚಿಟಚಿಟವು ಟಿಕ್‌ಟಿಕ್ ಆಗುತ್ತದೆ ಎಂದು ಗುರುತಿಸುವುದೇ ಅರ್ಧ ವಿಮರ್ಶೆ. ಜಪಾನಿನ ನಾಯ್ಸ್ ಕಲಾವಿದ ಮರ್ಜ್‌ಬೋ ಅವರ 1996ರ ‘ಪಲ್ಸ್ ಡೀಮನ್’ಗೆ ಶಹಾಬಾದ್ ಕಲ್ಲು ಕೊಯ್ಯುವ ಬ್ಲೇಡಿನ ಕಿರ್ರ್ ಹತ್ತಿರದ ಹೋಲಿಕೆ. ಒಂದು ಆಲ್ಬಂಗೆ ಇಂಥ ಎರಡು ಹೋಲಿಕೆ ಸಾಕು, ನಾಲ್ಕಾದರೆ ಓದುಗ ಸಂಗೀತ ಬಿಟ್ಟು ನಿಮ್ಮ ಊರನ್ನು ಕೇಳತೊಡಗುತ್ತಾನೆ.

ಎರಡು ಸ್ವರ ಸ್ವಲ್ಪವೇ ಹೊಂದದಿದ್ದಾಗ ಬರುವ ತೂಗಾಟವನ್ನೂ ಬರೆಯಲು ಕಲಿಯಿರಿ. 110 ಮತ್ತು 110.5 ಹರ್ಟ್ಸ್ ಒಟ್ಟಿಗೆ ಮೊಳಗಿದರೆ ಎರಡು ಸೆಕೆಂಡಿಗೊಮ್ಮೆ ಸದ್ದು ಉಬ್ಬಿ ತಗ್ಗುತ್ತದೆ. ತಂಬೂರಿಯ ಜೋಡಿ ತಂತಿ ಕೂಡದಿದ್ದಾಗ ಆಗುವುದೂ ಇದೇ. ಫ್ರಾನ್ಸಿನ ಸಂಯೋಜಕಿ ಎಲಿಯಾನ್ ರಾದಿಗ್ ಅವರ ಎಆರ್‌ಪಿ 2500 ಸಿಂಥಸೈಜರಿನ ಉದ್ದನೆಯ ಕೃತಿಗಳಲ್ಲಿ ಎಷ್ಟೋ ಸಲ “ಘಟನೆ” ಎಂದರೆ ಈ ತೂಗಾಟ ಒಂದಿಷ್ಟು ನಿಧಾನವಾಗುವುದು.

ಅನುರಣನಕ್ಕೆ ಕಿವಿ ತಯಾರಾಗಬೇಕಿದ್ದರೆ ಕಲಬುರಗಿಯದೇ ಹಫ್ತ್ ಗುಂಬಜ್‌ಗೋ, ಬೀದರ್ ಹತ್ತಿರದ ಅಷ್ಟೂರಿನ ಗುಮ್ಮಟಗಳಿಗೋ ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋಗಿ. ಒಂದೇ ಚಪ್ಪಾಳೆ ತಟ್ಟಿ ಎರಡು ಸಂಗತಿ ಗಮನಿಸಿ: ಮಾರ್ದನಿ ಶುರುವಾಗಲು ಎಷ್ಟು ತಡ, ಪೂರ್ತಿ ಆರಲು ಎಷ್ಟು ಸೆಕೆಂಡ್. ಆಮೇಲೆ ಅಮೆರಿಕದ ಸಂಯೋಜಕಿ ಪಾಲಿನ್ ಒಲಿವೆರೋಸ್ ಮತ್ತು ಸಂಗಡಿಗರ ‘ಡೀಪ್ ಲಿಸನಿಂಗ್’ ಹಾಕಿ. 1988ರಲ್ಲಿ ಅಮೆರಿಕದ ನೆಲದಡಿಯ ಖಾಲಿ ನೀರಿನ ತೊಟ್ಟಿಯೊಂದರಲ್ಲಿ ರೆಕಾರ್ಡಾದದ್ದು. ಅಲ್ಲಿ ಮಾರ್ದನಿ ಆರಲು 45 ಸೆಕೆಂಡ್. ಅಕಾರ್ಡಿಯನ್ ಬಿಟ್ಟ ಸ್ವರ ಇನ್ನೂ ನಿಂತಿರುವಾಗಲೇ ಟ್ರಾಂಬೋನ್ ಅದರ ಮೇಲೆ ಬರುತ್ತದೆ. ಯಾರು ಯಾವಾಗ ನಿಲ್ಲಿಸಿದರು ಎಂದು ಹೇಳಲಾಗದ ಆ ಸ್ಥಿತಿಯನ್ನು ಗುಮ್ಮಟದಲ್ಲಿ ನಿಂತು ಬಂದವರು ಸಲೀಸಾಗಿ ಬರೆಯಬಲ್ಲರು.

ಅನುಮಾನ ಬಂದಲ್ಲಿ ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದು ಸ್ಪೆಕ್ಟ್ರೋಗ್ರಾಂ, ಅಂದರೆ ಯಾವ ಹೊತ್ತಿಗೆ ಯಾವ ಸ್ಥಾಯಿಯ ಸದ್ದಿದೆ ಎಂದು ತೋರಿಸುವ ಚಿತ್ರ, ನೋಡಿ. ಡ್ರೋನ್‌ಗೆ ವಿಂಡೋ ಗಾತ್ರ (ಒಂದು ಸಲಕ್ಕೆ ಅಳೆಯುವ ತುಣುಕಿನ ಉದ್ದ) 8192 ಇಡಿ, ಸುಮಾರು 5 ಹರ್ಟ್ಸಿನ ವ್ಯತ್ಯಾಸ ಕಾಣುತ್ತದೆ. ಸಿಡಿತಗಳಿಗೆ 512, ಇಲ್ಲದಿದ್ದರೆ ಅವು ಅಡ್ಡಕ್ಕೆ ಹರಡಿಕೊಳ್ಳುತ್ತವೆ. ಕೇಳಿದ್ದನ್ನು ಖಚಿತಪಡಿಸಲು ಮಾತ್ರ ಇದು. ಕಿವಿಗೆ ಬೀಳದೆ ಚಿತ್ರದಲ್ಲಷ್ಟೇ ಕಂಡದ್ದು ವಿಮರ್ಶೆಗೆ ಬೇಡ.

ನಾಯ್ಸ್ ಕೇಳುವಾಗ ಕಿವಿ ಕಾಯ್ದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ, 90 ಆದರೆ 4 ಗಂಟೆ ಮಾತ್ರ.

ಹೆಚ್ಚಿನ ವಿಮರ್ಶೆಗಳು ಕೆಡುವುದು ಆಲ್ಬಂ ಹುಟ್ಟಿದ ಕಥೆ ಸಂಗೀತವನ್ನು ನುಂಗಿದಾಗ. ಬಸಿನ್ಸ್ಕಿಯವರ ಆಲ್ಬಂ ಎಂದರೆ ನ್ಯೂಯಾರ್ಕಿನ ಮೇಲೆ ದಾಳಿ ನಡೆದ 2001ರ ಸೆಪ್ಟೆಂಬರ್ 11ರ ಸಂಜೆ ಎಂದು ಮೂರು ಪ್ಯಾರಾ ಬರೆದು, ಲೂಪ್ ಹೇಗೆ ಕೇಳಿಸುತ್ತದೆ ಎಂದು ಒಂದು ಸಾಲೂ ಬರೆಯದವರಿದ್ದಾರೆ. ಕಥೆಗೆ ಒಂದು ಪ್ಯಾರಾ ಸಾಕು. ಇನ್ನೊಂದು ತಪ್ಪು, ಊಹೆಯನ್ನು ಮಾಹಿತಿಯಂತೆ ಬರೆಯುವುದು: ಆಲ್ಬಂನ ಟಿಪ್ಪಣಿಯಲ್ಲಿ ಇಲ್ಲದಿದ್ದರೆ “ಅನಲಾಗ್ ಸಿಂಥ್”, “ಕಾಡಿನಲ್ಲಿ ರೆಕಾರ್ಡ್ ಮಾಡಿದ್ದು” ಎನ್ನಬೇಡಿ, “ಮಳೆಯಂತೆ ಕೇಳಿಸುವ ಸದ್ದು” ಎನ್ನಿ. ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವುದು ಈ ಪ್ರಕಾರಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಯಾವ ಹೊತ್ತಿಗೆ, ಯಾವುದರಲ್ಲಿ, ಎಷ್ಟು ಜೋರಾಗಿ ಕೇಳಬೇಕು ಎಂದು ಹೇಳಿದರೆ ಓದುಗರಿಗೆ ಅಂಕಕ್ಕಿಂತ ಉಪಯೋಗ. ಉದ್ದ 500 ಪದ ಮೀರದಿರಲಿ.

ಮೊದಲ ವಿಮರ್ಶೆಗೆ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ನ ಎರಡನೇ ಟ್ರ್ಯಾಕ್ ‘2/1’ ತೆಗೆದುಕೊಳ್ಳಿ. ಸುಮಾರು 9 ನಿಮಿಷ. ಬರೀ ಕಂಠಗಳು, ಒಂದೊಂದು ಸ್ವರ ಒಂದೊಂದು ಟೇಪ್ ಲೂಪಿನಲ್ಲಿ. ಈನೋ ಹೇಳಿದ ಲೆಕ್ಕದಂತೆ ಒಂದು 23.5 ಸೆಕೆಂಡಿಗೊಮ್ಮೆ, ಇನ್ನೊಂದು ಸುಮಾರು 25.9ಕ್ಕೊಮ್ಮೆ, ಮತ್ತೊಂದು ಸುಮಾರು 29.9ಕ್ಕೊಮ್ಮೆ ಬರುತ್ತದೆ, ಅಳತೆ ಹೊಂದದ್ದರಿಂದ ಒಮ್ಮೆ ಕೂಡಿದ ಗುಂಪು ಮತ್ತೆ ಹಾಗೆಯೇ ಕೂಡುವುದಿಲ್ಲ. ವಹಿಯಲ್ಲಿ ಸ್ವರಕ್ಕೊಂದು ಗೆರೆ ಎಳೆದು, ಪ್ರತಿಯೊಂದು ಬಂದಾಗಲೂ ಚುಕ್ಕೆ ಹಾಕಿ. 23.5ರ ಗೆರೆಯಲ್ಲಿ 23ರ ಆಸುಪಾಸು, 29.9ರದರಲ್ಲಿ 18ರ ಆಸುಪಾಸು ಚುಕ್ಕೆ ಬರಬೇಕು. ಎಲ್ಲಿ ಚುಕ್ಕೆಗಳು ಹತ್ತಿರ ಬಂದಿವೆ, ಎಲ್ಲಿ ಬಹಳ ಹೊತ್ತು ಖಾಲಿ ಬಿದ್ದಿದೆ ನೋಡಿ, ಆ ಎರಡು ಜಾಗದ ಬಗ್ಗೆ ತಲಾ ಒಂದು ಪ್ಯಾರಾ ಬರೆಯಿರಿ.